ತಲೆಯ ಮೇಲಿಂದ ಹೋದ ಚೆಂಡು

ಶುಕ್ರವಾರ ಬೆಳಿಗ್ಗೆ ಲಿಯೋ ಕುಚೆರಾ ಕಾಫಿಗೆಂದು ಕಣಜದ ಕಚೇರಿಯ ಬಾಗಿಲು ತಳ್ಳಿದಾಗ ಒಳಗೆ ಐದಾರು ಜನ ಎಣ್ಣೆ ಒಲೆಯ ಸುತ್ತ ಕೂತಿದ್ದರು. ಅವತ್ತು ಮುಸುಕಿನ ಜೋಳದ ಧಾರಣೆಯ ಮಾತು ಯಾರೂ ಎತ್ತಿರಲಿಲ್ಲ. ಮಧ್ಯಾಹ್ನ ಶಾಲೆಯ ಮೈದಾನದಲ್ಲಿ ಬ್ರೇಡನ್ ಊರಿನವರ ಮೇಲೆ, ಚೆಂಡನ್ನು ಕೈಯಲ್ಲಿ ಹಿಡಿದು ನುಗ್ಗುವ ಅಮೆರಿಕದ ಫುಟ್‌ಬಾಲ್ ಆಟವಿತ್ತು. ಗೆದ್ದರೆ ಟಾಬರ್ ಊರಿನ ಹುಡುಗರು ಮೊದಲ ಸಲ ಮುಂದಿನ ಸುತ್ತಿಗೆ ಹೋಗುತ್ತಿದ್ದರು. ಮೈದಾನಕ್ಕೆ ದೀಪದ ಕಂಬಗಳಿಲ್ಲದ ಊರು ಅದು. ಆಟವೆಲ್ಲ ಹಗಲು ಬೆಳಕಿನಲ್ಲೇ. ಆದ್ದರಿಂದ ಆಟವಿದ್ದ ದಿನ ಊಟದ ಹೊತ್ತಿನ ಮೇಲೆ ಬ್ಯಾಂಕು, ಅಂಗಡಿ, ಕಣಜ ಎಲ್ಲಕ್ಕೂ ಬೀಗ ಬೀಳುತ್ತಿತ್ತು.

"ಲಿಯೋ, ಡೀಸೆಲ್ ಶೆಡ್ಡಿನ ಬೀಗದ ಕೈ ನಿನ್ನ ಹತ್ರ ಉಳ್ಕೊಂಡೈತೇನಯ್ಯ?" ಎಂದು ಮೇಜಿನ ಆಚೆಯಿಂದ ವರ್ಲಿನ್ ಕೇಳಿದ. ಊರಿನ ಕಣಜ ನೋಡಿಕೊಳ್ಳುವವನು ಅವನೇ. ದಪ್ಪ ಆಳು, ಕೆಂಪು ಮುಖ, ನಗುವುದಕ್ಕೆ ಕಾರಣ ಹುಡುಕುವವನಲ್ಲ.

ಲಿಯೋ ಕೋಟಿನ ಜೇಬಿಗೆ ಕೈ ಹಾಕಿದ. ಕೈ ಹೊರಗೆ ಬಂದದ್ದೇ ತಡ, ವರ್ಲಿನ್ ಎರಡೂ ಅಂಗೈಗಳನ್ನು ತಲೆಯ ಮೇಲಿಟ್ಟುಕೊಂಡು ಮೇಜಿನ ಕೆಳಕ್ಕೆ ಬಗ್ಗಿದ. ಒಲೆಯ ಸುತ್ತ ಕೂತವರೂ ಕಾಫಿ ಚೆಲ್ಲದ ಹಾಗೆ ನೋಡಿಕೊಂಡು ಬಗ್ಗಿದರು.

"ಹೋಯ್ತೇನ್ರೋ?" ಮೇಜಿನ ಕೆಳಗಿನಿಂದ ವರ್ಲಿನ್ ಕೂಗಿದ.

"ಇನ್ನೂ ಹೋಗ್ತಾನೇ ಐತೆ ಮಾರಾಯ, ತಲೆ ಎತ್ತಬೇಡ!"

ಲಿಯೋ ನಗಲೂ ಇಲ್ಲ, ಸಿಡುಕಲೂ ಇಲ್ಲ. ಕೋಣೆಯ ಅಗಲ ನಡೆದುಹೋಗಿ ಬೀಗದ ಕೈಯನ್ನು ವರ್ಲಿನ್ನನ ಮುಂದೆ ಮೇಜಿನ ಮೇಲಿಟ್ಟು, ತನ್ನ ಲೋಟಕ್ಕೆ ಕಾಫಿ ಬಗ್ಗಿಸಿಕೊಂಡ. ಕೌಂಟಿಯ ಜಲ್ಲಿ ರಸ್ತೆಗಳನ್ನು ಕೆರೆದು ಹದಮಾಡುವ ಯಂತ್ರ ಓಡಿಸುವುದು ಅವನ ಕೆಲಸ. ದಿನವಿಡೀ ಒಬ್ಬನೇ ಇರುವ ಕೆಲಸ, ಅದು ಅವನಿಗೆ ಒಗ್ಗಿತ್ತು. ಊರಿನಲ್ಲಿ ಅವನು ಯಾರಿಗೂ ಯಾವ ವಸ್ತುವನ್ನೂ ಎಸೆದು ಕೊಟ್ಟದ್ದನ್ನು ಕಂಡವರಿರಲಿಲ್ಲ. ಸ್ಪ್ಯಾನರ್ ಇರಲಿ, ಸಿಗರೇಟಿನ ಪೊಟ್ಟಣವಿರಲಿ, ನಡೆದುಹೋಗಿ ಕೈಗೇ ಇಟ್ಟು ಬರುತ್ತಿದ್ದ. ಆದರೂ ಜನ ತಲೆ ಬಗ್ಗಿಸುವುದನ್ನು ಬಿಟ್ಟಿರಲಿಲ್ಲ. ಇಪ್ಪತ್ತು ವರ್ಷಗಳ ಮೇಲಾಗಿತ್ತು.

ಅವನು ಶಾಲೆಯ ಹುಡುಗನಾಗಿದ್ದಾಗ ನಡೆದದ್ದು. ಅವತ್ತೂ ಇದೇ ಮೈದಾನ, ಇದೇ ಬ್ರೇಡನ್. ನಾಲ್ಕು ಸರದಿಯೊಳಗೆ ಚೆಂಡನ್ನು ಸಾಕಷ್ಟು ಮುಂದೆ ಒಯ್ಯದಿದ್ದರೆ ಅದು ಎದುರಾಳಿಗಳ ಪಾಲು. ಅದಕ್ಕೇ ಮೂರು ಸರದಿ ದಂಡವಾದಾಗ ನಾಲ್ಕನೆಯದರಲ್ಲಿ ಅದನ್ನು ಒದ್ದು ದೂರ ಅಟ್ಟುತ್ತಾರೆ. ಒದೆಯುವವನು ಆಟಗಾರರ ಸಾಲಿನಿಂದ ಬಹಳ ಹಿಂದೆ ನಿಂತಿರುತ್ತಾನೆ. ಅವನಿಗೆ ಚೆಂಡು ಮುಟ್ಟಿಸಲು ಒಬ್ಬನಿರಬೇಕು. ಅವನು ಎದುರಾಳಿಗಳ ಮೂಗಿನ ಕೆಳಗೆ ಬಗ್ಗಿ, ತಲೆಯನ್ನು ಮೊಣಕಾಲುಗಳ ನಡುವೆ ತೂರಿಸಿ, ಕಾಲ ಸಂದಿಯಿಂದ ಚೆಂಡನ್ನು ಹಿಂದಕ್ಕೆ ಕಳಿಸುತ್ತಾನೆ. ಸ್ನ್ಯಾಪ್ ಎನ್ನುತ್ತಾರೆ. ಕಳಿಸಿ ತಲೆ ಎತ್ತುವುದರೊಳಗೆ ಎದುರಿನವನು ಮೈಮೇಲೆ ಬಿದ್ದಿರುತ್ತಾನೆ. ಚೆಂಡು ಸರಿಯಾಗಿ ಹೋದರೆ ಜನ ಒದ್ದವನನ್ನು ಹೊಗಳುತ್ತಾರೆ. ಕಳಿಸಿದವನ ಹೆಸರು ಊರಿನ ಬಾಯಿಗೆ ಬರುವುದು ಅದು ತಪ್ಪಿದ ದಿನ ಮಾತ್ರ.

ಲಿಯೋನ ಹೆಸರು ಒಂದೇ ದಿನ ಬಂತು. ಒದೆಯಲು ನಿಂತಿದ್ದವನು ಇದೇ ವರ್ಲಿನ್. ಚೆಂಡು ಅವನ ತಲೆಯ ಮೇಲಿಂದ ಹೋಗಿ ಗೋಲಿನ ಗೆರೆಯ ಹಿಂದಿನ ಪಟ್ಟಿಯಲ್ಲಿ ಬಿತ್ತು. ಬ್ರೇಡನ್ನಿನ ಹುಡುಗನೊಬ್ಬ ಓಡಿಬಂದು ಅದರ ಮೇಲೆ ಮಲಗಿಬಿಟ್ಟ. ಅವರಿಗೆ ಆರು ಅಂಕ, ಆಟ ಮುಗಿಯಿತು. ಆಮೇಲೆ ಲಿಯೋ ಮದುವೆಯಾದ, ಸೈನ್ಯದಲ್ಲಿದ್ದು ಬಂದ, ಹಿಮಪಾತದ ವರ್ಷ ಮೂರು ಹಗಲು ಮೂರು ರಾತ್ರಿ ಯಂತ್ರದಿಂದ ಇಳಿಯದೆ ಊರಿನ ರಸ್ತೆ ತೆರೆದಿಟ್ಟ. ಊರು ನೆನಪಿಟ್ಟದ್ದು ಆ ಚೆಂಡನ್ನು.

ಈಗ ಅದೇ ಜಾಗದಲ್ಲಿ ಅವನ ಮಗ ಗ್ಲೆನ್ ಬಗ್ಗುತ್ತಿದ್ದ.

ಹೈಸ್ಕೂಲಿಗೆ ಸೇರಿದ ವರ್ಷ ಗ್ಲೆನ್ ಮನೆಗೆ ಬಂದು ಈ ಸುದ್ದಿ ಹೇಳಿದಾಗ ಅವನ ತಾಯಿ ಇರ್ಮಾ ಕೊಲಾಚಿ ಎಂಬ ಸಿಹಿ ಬನ್ನಿನ ಹಿಟ್ಟು ನಾದುತ್ತಿದ್ದವಳು ಕೈ ನಿಲ್ಲಿಸಿದಳು.

"ಬೇರೆ ಯಾವ ಜಾಗಾನೂ ಸಿಗಲಿಲ್ವೇನೋ ನಿಂಗೆ?"

"ಬೇರೆ ಯಾರೂ ಒಪ್ಪಲ್ಲ ಅಂದ್ರಮ್ಮ. ಕೋಚು ನನ್ನ ಮುಖ ನೋಡಿದ್ರು."

"ನೋಡಿದ್ರೆ ನೀನು ಆಚೆ ಮುಖ ತಿರುಗಿಸ್ಬೇಕಿತ್ತು!"

ಲಿಯೋ ಎದ್ದು ಶೆಡ್ಡಿನತ್ತ ಹೋದ. ಮರುದಿನ ಗ್ಲೆನ್ ಹಂದಿಗಳಿಗೆ ಮೇವು ಹಾಕಲು ಹೋದಾಗ ತಗಡಿನ ಶೆಡ್ಡಿನ ತೊಲೆಗೆ ಟ್ರಾಕ್ಟರಿನ ಹಳೆಯ ಟೈರು ನೇತುಬಿದ್ದಿತ್ತು. ಒದೆಯುವವನ ಸೊಂಟ ಎಷ್ಟು ಎತ್ತರಕ್ಕಿರುತ್ತದೋ ಅಷ್ಟೇ ಎತ್ತರಕ್ಕೆ. ಅಂದಿನಿಂದ ದಿನಾ ಮೇವಿನ ಕೆಲಸ ಮುಗಿದ ಮೇಲೆ ಗ್ಲೆನ್ ಬಗ್ಗುವುದು, ಚೆಂಡು ಟೈರಿನೊಳಗೆ ಹೋಗುವುದು, ಲಿಯೋ ಹೆಕ್ಕಿ ತಂದು ಅವನ ಕೈಗೆ ಕೊಡುವುದು.

"ಎಸೀಬೇಡ," ಎನ್ನುತ್ತಿದ್ದ ಲಿಯೋ. "ಎಸೆಯೋದು ಬೇರೆ, ಕೊಡೋದು ಬೇರೆ. ಅವನ ಕೈಗೆ ಇಟ್ಟು ಬಂದಂಗಿರಬೇಕು. ಬಿಟ್ಟಮೇಲೆ ನಿನ್ನ ಅಂಗೈ ಎಲ್ಲಿ ನೋಡ್ತಾವೆ?"

"ಹೊರಗಡೆಗೆ."

"ಹಾಂ. ಅಂಗೈ ಹೊರಗೆ ತಿರುಗಿದ್ರೆ ಚೆಂಡು ಬಿಗಿಯಾಗಿ ಸುತ್ತುತ್ತೆ. ಸುತ್ತೋ ಚೆಂಡು ದಾರಿ ತಪ್ಪಲ್ಲ."

ಒಮ್ಮೆ ಮಾತ್ರ ಗ್ಲೆನ್ ಕೇಳಿದ್ದ. "ಅವತ್ತು ಏನಾಯ್ತಪ್ಪ?"

"ಏನೂ ಆಗ್ಲಿಲ್ಲ. ಹೋಯ್ತು." ಅಷ್ಟು ಹೇಳಿ ಲಿಯೋ ಚೆಂಡನ್ನು ಅಂಗಿಯ ಒಳಮೈಗೆ ಒರೆಸಿ ಮಗನ ಕೈಗಿಟ್ಟಿದ್ದ.

ಹೀಗೆ ನಾಲ್ಕು ಹಂಗಾಮು ಕಳೆದಿದ್ದವು. ಈ ನಾಲ್ಕರಲ್ಲಿ ಗ್ಲೆನ್ ಕಳಿಸಿದ ಒಂದು ಚೆಂಡೂ ಅಡ್ಡದಾರಿ ಹಿಡಿದಿರಲಿಲ್ಲ. ಅದನ್ನು ಗಮನಿಸಿದವರು ಇಬ್ಬರೇ. ಒಬ್ಬ ಅವನಪ್ಪ. ಇನ್ನೊಬ್ಬ ವೇಡ್, ತಂಡಕ್ಕೆ ಒದೆಯುವವನೂ ಅವನೇ, ಚೆಂಡು ಹಿಡಿದು ಆಟ ನಡೆಸುವವನೂ ಅವನೇ. ಹದಿನಾರು ಹುಡುಗರ ತಂಡದಲ್ಲಿ ಒಬ್ಬೊಬ್ಬನಿಗೆ ಎರಡೆರಡು ಕೆಲಸ.

ಆಟಕ್ಕೆ ಮುಂಚೆ ಬೂಟಿನ ದಾರ ಬಿಗಿಯುತ್ತ ಗ್ಲೆನ್ ಅವನಿಗೆ ಹೇಳಿದ, "ಬ್ರೇಡನ್ ಮೇಲೆ ಇದೊಂದು ನೆಟ್ಟಗೆ ಮುಗೀಲಿ ಕಣೋ. ಆಮೇಲೆ ನಮ್ಮಪ್ಪನ ಮುಂದೆ ಯಾವನು ತಲೆ ಬಗ್ಗಿಸ್ತಾನೋ ನೋಡ್ತೀನಿ."

"ಬಗ್ಗಿಸೋರು ಬಗ್ಗಿಸ್ತಾರೆ ಬಿಡೋ."

"ಇಲ್ಲ. ಮಗನ ಕೈಲಿ ಒಂದೂ ತಪ್ಪಿಲ್ಲ ಅಂದ್ಮೇಲೆ ಯಾವ ಬಾಯಲ್ಲಿ ಆಡ್ತಾರೆ?"

ಎರಡು ಗಂಟೆಗೆ ಆಟ ಶುರುವಾಯಿತು. ನವೆಂಬರಿನ ನೆಬ್ರಾಸ್ಕಾ ಗಾಳಿ ಬಡಗಣದಿಂದ ಬೀಸುತ್ತಿತ್ತು. ಅರ್ಧ ಆಟದ ಹೊತ್ತಿಗೆ ಆ ಗಾಳಿಯಲ್ಲಿ ಮಳೆಯೂ ಅಲ್ಲದ ಹಿಮವೂ ಅಲ್ಲದ ಸೂಜಿಹನಿ ಬೆರೆಯಿತು. ಊರಿನ ಪಿಕಪ್‌ಗಳೆಲ್ಲ ಮೈದಾನದ ತಂತಿಬೇಲಿಗೆ ಮೂತಿಯಿಟ್ಟು ನಿಂತಿದ್ದವು. ತಮ್ಮವರು ಅಂಕ ಗಳಿಸಿದಾಗ ಎಲ್ಲ ಹಾರ್ನುಗಳೂ ಒಟ್ಟಿಗೆ ಕೂಗುತ್ತಿದ್ದವು. ಲಿಯೋನ ಹಸಿರು ಪಿಕಪ್ ಮಾತ್ರ ಎಂದಿನಂತೆ ಕಣಜದ ಕಡೆಯ ಗೋಲುಕಂಬದ ಹಿಂದೆ ಒಂಟಿಯಾಗಿ ನಿಂತಿತ್ತು. ಮಗನ ಆಟ ನಡೆದಷ್ಟು ದಿನವೂ ಅವನು ಅಲ್ಲೇ, ಗಾಜಿನ ಹಿಂದೆ. ಬೆಂಚುಗಳತ್ತ ಬಂದವನಲ್ಲ. ಆ ಪಿಕಪ್‌ನ ಹಾರ್ನು ಆಟದ ದಿನ ಕೇಳಿದವರೂ ಇಲ್ಲ.

ಕೊನೆಯ ಕಾಲುಭಾಗದಲ್ಲಿ ಟಾಬರ್ ಆರು ಅಂಕ ಮುಂದಿತ್ತು. ಇಪ್ಪತ್ತಕ್ಕೆ ಹದಿನಾಲ್ಕು. ಆದರೆ ವೇಡ್‌ನ ಬಲಗೈ ಹೆಬ್ಬೆರಳು ಯಾರದೋ ಹೆಲ್ಮೆಟ್ಟಿಗೆ ಸಿಕ್ಕಿ ಊದಿಕೊಂಡಿತ್ತು. ಚೆಂಡು ಅವನ ಕೈಯಲ್ಲಿ ನಿಲ್ಲುತ್ತಿರಲಿಲ್ಲ. ಬ್ರೇಡನ್ನಿನವರು ಒತ್ತುತ್ತ ಒತ್ತುತ್ತ ಕಣಜದ ಕಡೆಯ ಗೋಲಿನ ಗೆರೆಯ ತನಕ ಬಂದರು. ಅಲ್ಲಿ ಟಾಬರ್ ಹುಡುಗರು ಕೆಸರಿನಲ್ಲಿ ಹೂತು ನಿಂತು ನಾಲ್ಕು ಸರದಿ ತಡೆದರು. ಹಾರ್ನುಗಳು ಬಾಯಿ ಒಣಗುವಷ್ಟು ಕೂಗಿದವು. ಚೆಂಡು ಟಾಬರಿಗೆ ಬಂತು, ಆದರೆ ತಮ್ಮದೇ ಗೆರೆಗೆ ಎರಡು ಗಜ ದೂರದಲ್ಲಿ.

ಮೊದಲ ಸರದಿಯಲ್ಲಿ ಒಂದಡಿಯೂ ಮುಂದೆ ಹೋಗಲಿಲ್ಲ. ಎರಡನೆಯದರಲ್ಲಿ ವೇಡ್‌ನ ಕೈಯಿಂದ ಚೆಂಡು ಜಾರಿತು, ಅವನೇ ಅದರ ಮೇಲೆ ಬಿದ್ದ. ಮೂರನೆಯದರಲ್ಲಿ ಮತ್ತೆ ಜಾರಿತು, ಈ ಸಲ ಮೂರು ಜನ ಬಿದ್ದರು, ತಳದಲ್ಲಿ ಗ್ಲೆನ್ ಇದ್ದುದರಿಂದ ಉಳಿಯಿತು. ಗಡಿಯಾರದಲ್ಲಿ ಒಂದು ನಿಮಿಷವೂ ಉಳಿದಿರಲಿಲ್ಲ.

ಕೋಚ್ ಹಾಸ್ ಆಟ ನಿಲ್ಲಿಸುವಂತೆ ಕೈಯಾಡಿಸಿದ. ಶಾಲೆಯಲ್ಲಿ ಮರಗೆಲಸ ಕಲಿಸುವ ಮೇಷ್ಟ್ರು ಅವನು. ಅವಸರದ ಮಾತು ಅವನಿಗೆ ಬಾರದು. ಹುಡುಗರನ್ನು ಸುತ್ತ ನಿಲ್ಲಿಸಿಕೊಂಡು ಮೊದಲು ವೇಡ್‌ನ ಹೆಬ್ಬೆರಳು ಹಿಡಿದು ನೋಡಿದ.

"ಒದೀತೀಯ?"

"ಕಾಲಿಗೇನಾಗಿಲ್ಲ ಕೋಚ್. ಹಿಡಿಯೋದೇ ಕಷ್ಟ."

"ಅದೇ ನಾನೂ ಅಂದ್ಕೊಂಡದ್ದು." ಹಾಸ್ ಮೂಗೊರೆಸಿಕೊಂಡ. "ನೀನು ಹಿಡಿಯೋಕೆ ಹೋಗಿ ಚೆಂಡು ಬಿದ್ರೆ ಅದು ಗೆರೆ ಹಿಂದಿನ ಪಟ್ಟೀಲಿ ಬೀಳುತ್ತೆ. ಅವರಲ್ಲೊಬ್ಬ ಅದರ ಮೇಲೆ ಮಲಗಿದ್ರೆ ಆರು ಅಂಕ, ಮೇಲೊಂದು ಒದೆಗೆ ಇನ್ನೊಂದು, ಮುಗೀತು. ಈ ಒದ್ದೇಲಿ ಬೇರೆಯೋರ ಕೈಗೆ ಕೊಡೋ ಧೈರ್ಯಾನೂ ನಂಗಿಲ್ಲ. ಅದಕ್ಕೇ ಚೆಂಡು ಯಾರ ಕೈಗೂ ಹೋಗೋದೇ ಬೇಡ. ಆ ಪಟ್ಟಿಯ ಹಿಂದಿನ ಗೆರೆ ದಾಟಿ ಮೈದಾನದ ಆಚೆಗೇ ಹೋಗಿಬಿಡ್ಲಿ."

ಹುಡುಗರು ಪಿಳಿಪಿಳಿ ನೋಡಿದರು.

"ಹೋದ್ರೆ ಅವರಿಗೆ ಎರಡು ಅಂಕ. ಕೊಡಾಣ. ಆಗ್ಲೂ ನಾವು ನಾಲ್ಕು ಮುಂದೆ. ಆಮೇಲೆ ಚೆಂಡನ್ನ ನೆಲದ ಮೇಲಿಟ್ಟು ಒದೆಯೋಕೆ ನಮಗೇ ಕೊಡ್ತಾರೆ, ಇಪ್ಪತ್ತು ಗಜದ ಗೆರೆಯಿಂದ. ಅದಕ್ಕೆ ಕಾಲು ಸಾಕು, ಕೈ ಬೇಡ." ಹಾಸ್ ಗ್ಲೆನ್‌ನತ್ತ ತಿರುಗಿದ. "ಗ್ಲೆನ್, ವೇಡ್ ತಲೆ ಮೇಲಿಂದ ಕಳಿಸಬೇಕು ಕಣಪ್ಪ."

ಗ್ಲೆನ್ ಹೆಲ್ಮೆಟ್ಟಿನ ಸರಳುಗಳ ಹಿಂದಿನಿಂದ ಅವನನ್ನೇ ನೋಡಿದ. "ಇಲ್ಲ ಕೋಚ್."

"ಏನು ಇಲ್ಲ?"

"ಬೇರೆ ಏನಾದ್ರೂ ಹೇಳಿ. ನಾನೇ ಹಿಡ್ಕೊಂಡು ಅವರ ಮೇಲೆ ನುಗ್ತೀನಿ. ಅದು ಮಾತ್ರ ಬೇಡ."

ಅಲ್ಲಿದ್ದ ಪ್ರತಿಯೊಬ್ಬ ಹುಡುಗನ ಮನೆಯಲ್ಲೂ ಯಾರಾದರೊಬ್ಬರು ಲಿಯೋನ ಮುಂದೆ ತಲೆ ಬಗ್ಗಿಸಿದವರೇ.

"ನಿಮಗೆ ಗೊತ್ತಲ್ಲ," ಎಂದ ಗ್ಲೆನ್. ದನಿ ಸಣ್ಣಗಾಗಿತ್ತು. "ಇದೇ ಕಡೆ. ಇದೇ ಬ್ರೇಡನ್. ಅಪ್ಪ ಅಲ್ಲೇ ಕೂತಿದಾನೆ."

"ಗೊತ್ತು."

"ಇಡೀ ಊರು ತಪ್ತು ಅಂದ್ಕೊಳ್ಳುತ್ತೆ."

"ಅಂದ್ಕೊಳ್ಳುತ್ತೆ. ಮೊದಲೇ ಕೂಗಿ ಹೇಳೋ ಹಾಗಿಲ್ಲ, ಅವರಿಗೂ ಕೇಳುತ್ತೆ." ಹಾಸ್ ಅವನ ಭುಜದ ಮೇಲೆ ಕೈಯಿಟ್ಟ. "ನೋಡಪ್ಪ, ಇವತ್ತು ನಡುಗದೆ ಇರೋ ಕೈ ಒಂದೇ ಜೊತೆ ಐತೆ ನನ್ನ ಹತ್ರ. ನಿಂಗೆ ಆಗಲ್ಲ ಅಂದ್ರೆ ವೇಡ್ ಹಿಡೀಲಿ. ಬಿದ್ರೆ ಬೀಳ್ಲಿ. ನಾನು ಒತ್ತಾಯ ಮಾಡಲ್ಲ."

ಅಂಪೈರ್ ಸೀಟಿ ಊದಿ ಬರಲು ಹೇಳಿದ. ವೇಡ್ ಗ್ಲೆನ್‌ನ ಹೆಲ್ಮೆಟ್ಟಿಗೆ ತನ್ನ ಹೆಲ್ಮೆಟ್ಟು ತಾಗಿಸಿದ.

"ನಾಲ್ಕು ವರ್ಷ ನನ್ನ ಕೈಗೇ ಇಟ್ಟಿದೀಯ ಕಣೋ. ಇದೊಂದು ನನ್ನ ತಲೆ ಮೇಲಿಂದ ಹೋದ್ರೆ ನಾನೇನು ಕಾಫಿ ಕುಡೀತಾ ಕತೆ ಹೇಳ್ಕೊಂಡು ಕೂರಲ್ಲ. ವರ್ಲಿನ್ ಅಲ್ಲ ನಾನು."

ಗ್ಲೆನ್ ಸಾಲಿನತ್ತ ನಡೆದ. ಹೂಂ ಅಂದನೋ ಊಹೂಂ ಅಂದನೋ ವೇಡ್‌ಗೂ ತಿಳಿಯಲಿಲ್ಲ. ವೇಡ್ ಹಿಂದಿನ ಗೆರೆಗೆ ಒಂದು ಹೆಜ್ಜೆ ಮುಂದೆ ಹೋಗಿ ನಿಂತ. ಚೆಂಡು ಎದೆಗೆ ಬಂದರೆ ಹಿಡಿಯಬೇಕು. ಮೇಲೆ ಹೋದರೆ ಕೈ ಎತ್ತಬಾರದು. ಬೆರಳಿಗೆ ತಾಗಿದರೂ ಅಲ್ಲೇ ಬೀಳುತ್ತದೆ. ಚೆಂಡು ಕಂಡರೆ ತಾನಾಗಿ ಏಳುವ ಕೈಗಳನ್ನು ಅವನು ತೊಡೆಗೆ ಒತ್ತಿಹಿಡಿದ.

ಪಕ್ಕದ ಗೆರೆಯಲ್ಲಿ ಸರದಿಯ ಗುರುತಿನ ಕೋಲು ಹಿಡಿದು ನಿಂತಿದ್ದವನು ವರ್ಲಿನ್. ಕೋಲಿನ ತುದಿಯ ಹಲಗೆಯನ್ನು ನಾಲ್ಕಕ್ಕೆ ತಿರುಗಿಸಿ, ತನ್ನಷ್ಟಕ್ಕೇ ಅಂದ, "ಈ ಕಡೆಗೇ ಬರಬೇಕಿತ್ತಾ ಇದು."

ಚೆಂಡು ಕೆಸರಿನಲ್ಲಿ ಕೂತಿತ್ತು. ಗ್ಲೆನ್ ಟವೆಲ್ಲಿನಿಂದ ಅದನ್ನು ಒರೆಸಿದ. ಮತ್ತೊಮ್ಮೆ ಒರೆಸಿದ. ಎದುರಿಗೆ ಬ್ರೇಡನ್ನಿನ ದೊಡ್ಡ ಹುಡುಗ ನೆಲಕ್ಕೆ ಕೈಯೂರಿ ಉಸಿರು ಬಿಡುತ್ತಿದ್ದ. ಅವನ ಉಸಿರಿನ ಹಬೆ ಗ್ಲೆನ್‌ನ ಕತ್ತಿಗೆ ತಾಗುತ್ತಿತ್ತು.

"ಏಯ್ ಕುಚೆರಾ," ಅವನು ಪಿಸುಗುಟ್ಟಿದ. "ನಿಮ್ಮಪ್ಪನ ಕತೆ ನಮ್ಮೂರಲ್ಲೂ ಹೇಳ್ತಾರೆ ಕಣೋ. ನೀನೂ ಒಂದು ಹಾಗೇ ಕೊಡೋ, ಪುಣ್ಯ ಬರುತ್ತೆ."

ಗ್ಲೆನ್ ಬಗ್ಗಿದ. ಲೋಕ ತಲೆಕೆಳಗಾಯಿತು. ಕೆಸರು ಮೇಲೆ ಹೋಯಿತು, ಬೂದು ಆಕಾಶ ಕೆಳಗೆ ಬಂತು. ಕಾಲುಗಳ ಸಂದಿಯಲ್ಲಿ ವೇಡ್ ತಲೆಕೆಳಗಾಗಿ ನಿಂತಿದ್ದ. ಅವನ ಆಚೆ ಗೋಲುಕಂಬ. ಕಂಬದ ಆಚೆ, ನೆಲಕ್ಕೆ ಅಂಟಿ ತೂಗುಬಿದ್ದ ಹಾಗೆ, ಹಸಿರು ಪಿಕಪ್. ಒರೆಸುವ ಕಡ್ಡಿಗಳು ಗಾಜಿನ ಮೇಲೆ ಹೋಗಿಬರುತ್ತಿದ್ದವು. ಒಂದು ಸಲ ಒರೆಸಿದಾಗ ಟೋಪಿ ಹಾಕಿದ ಒಂದು ತಲೆ ಕಾಣುತ್ತಿತ್ತು, ಹನಿ ಬಿದ್ದಾಗ ಅಳಿಸಿಹೋಗುತ್ತಿತ್ತು.

ವೇಡ್‌ನ ಎದೆ ಅಲ್ಲೇ ಇತ್ತು. ಅಲ್ಲಿಗೆ ಕಳಿಸುವುದು ಎಷ್ಟು ಸುಲಭ. ಕಣ್ಣು ಮುಚ್ಚಿ ಕಳಿಸಬಹುದು. ಚೆಂಡು ಬಿದ್ದರೆ ತಪ್ಪು ಹೆಬ್ಬೆರಳಿನದು. ಕುಚೆರಾ ಸರಿಯಾಗೇ ಕೊಟ್ಟ, ಪಾಪ ವೇಡ್‌ಗೆ ಹಿಡಿಯಲಾಗಲಿಲ್ಲ, ಎಂದು ಊರು ಮಾತಾಡುತ್ತದೆ. ಸೋಲುತ್ತೇವೆ, ಆದರೆ ತಲೆ ಬಗ್ಗಿಸುವುದು ನಿಲ್ಲುತ್ತದೆ. ಗ್ಲೆನ್ ಆ ಎದೆಯನ್ನೇ ನೋಡಿದ. ವೇಡ್ ತೊಡೆಗೊತ್ತಿದ ಕೈಗಳನ್ನು ತೆಗೆದಿರಲಿಲ್ಲ. ಕೈ ಅಲ್ಲಿದ್ದರೆ ಎದೆಗೆ ಬಂದ ಚೆಂಡನ್ನು ಹಿಡಿಯುವುದಾದರೂ ಹೇಗೆ? ಗ್ಲೆನ್ ಒಪ್ಪಿದ್ದಾನೆಂದೇ ನಂಬಿ ಆ ಪೆದ್ದ ನಿಂತುಬಿಟ್ಟಿದ್ದ.

ಗ್ಲೆನ್ ಚೆಂಡಿನ ಹೊಲಿಗೆಯ ಮೇಲೆ ಬೆರಳು ಜೋಡಿಸಿದ. ಎತ್ತರ ಬದಲಾಗಬೇಕು. ನಾಲ್ಕು ವರ್ಷ ಒಂದೇ ಎತ್ತರ ಕಲಿತ ತೋಳು ಈಗ ಅದನ್ನು ಮರೆಯಬೇಕು. ಕಡಿಮೆ ಬಿದ್ದರೆ ವೇಡ್‌ನ ಹೆಲ್ಮೆಟ್ಟಿಗೆ ತಾಗುತ್ತದೆ. ಹೆದರಿ ಬಿಟ್ಟರೆ ಪಟ್ಟಿಯಲ್ಲೇ ಬಿದ್ದು ಉರುಳುತ್ತದೆ, ಅಪ್ಪನದು ಉರುಳಿದ ಹಾಗೆ. ಗುರಿಯಿಡಲು ಒಂದು ಜಾಗ ಬೇಕಿತ್ತು. ಕೈಗಳನ್ನು ಹುಡುಕಿದ ಕಣ್ಣಿಗೆ ಗಾಜಿನ ಹಿಂದಿನ ಟೋಪಿ ಸಿಕ್ಕಿತು.

ಅಲ್ಲಿಗೆ ಕೊಟ್ಟ.

ಮರುಕ್ಷಣ ಬ್ರೇಡನ್ನಿನ ಹುಡುಗ ಮೇಲೆ ಬಿದ್ದ, ಗ್ಲೆನ್‌ನ ಮುಖ ಕೆಸರಿಗೆ ಒತ್ತಿತು. ಅವನಿಗೆ ಏನೂ ಕಾಣಲಿಲ್ಲ. ಜನರ ದನಿ ಮಾತ್ರ ಕೇಳಿಸಿತು. ಟಾಬರಿನ ಬೆಂಚುಗಳಿಂದ ಒಂದೇ ಬಾಯಿಂದ ಬಂದಂತೆ "ಅಯ್ಯೋ" ಎಂಬ ಕೂಗು. ಅದರ ಮೇಲಿಂದ ವರ್ಲಿನ್ನನ ಗಂಟಲು, "ಅಪ್ಪನ ಮಗನೇ! ಅಪ್ಪನ ಮಗನೇ ಕಣ್ರೋ ಇವನು!"

ಪಿಕಪ್‌ನೊಳಗೆ ಲಿಯೋ ಸ್ಟೀರಿಂಗನ್ನು ಎರಡೂ ಕೈಯಲ್ಲಿ ಹಿಡಿದಿದ್ದ. ಚೆಂಡು ಮಗನ ಕೈ ಬಿಟ್ಟದ್ದನ್ನು ಕಂಡ, ಅದು ಏರಿದ್ದನ್ನು ಕಂಡ. ವೇಡ್‌ನ ತಲೆಗಿಂತ ಮೇಲೆ. ಇನ್ನೂ ಮೇಲೆ. ಆದರೆ ಚೆಂಡು ನೇರ ತನ್ನತ್ತಲೇ ಬರುತ್ತಿತ್ತು, ಅದರ ಮೂತಿ ಕಿಂಚಿತ್ತೂ ಅಲುಗಾಡುತ್ತಿರಲಿಲ್ಲ. ಬಿಗಿಯಾಗಿ, ಕೊರೆಯುವ ತಿರುಪಿನ ಹಾಗೆ ಸುತ್ತುತ್ತಿತ್ತು, ಸುತ್ತುತ್ತ ನೀರಿನ ಹನಿಗಳನ್ನು ಚಕ್ರದಂತೆ ಕೊಡವುತ್ತಿತ್ತು. ಜಾರಿದ ಚೆಂಡು ಹೀಗೆ ಸುತ್ತುವುದಿಲ್ಲ. ಕೆಸರಿನಲ್ಲಿ ಚಾಚಿದ ಮಗನ ತೋಳುಗಳು ಅವನಿಗೆ ಕಂಡವು. ಅಂಗೈಗಳು ಹೊರಗೆ ತಿರುಗಿದ್ದವು.

ಚೆಂಡು ಹಿಂದಿನ ಗೆರೆಯ ಆಚೆ ನೆಲಕ್ಕೆ ಬಡಿದು, ಪುಟಿದು, ತಂತಿಬೇಲಿ ಹಾರಿ ಪಿಕಪ್‌ನ ಬಾನೆಟ್ಟಿನ ಮೇಲೆ ಢಬ್ಬೆಂದಿತು. ಅಂಪೈರ್ ಎರಡು ಅಂಗೈಗಳನ್ನು ತಲೆಯ ಮೇಲೆ ಜೋಡಿಸಿದ. ಬ್ರೇಡನ್ನಿಗೆ ಎರಡು ಅಂಕ. ಆ ಕಡೆಯ ಪಿಕಪ್‌ಗಳು ಹಾರ್ನು ಬಾರಿಸಿದವು. ಬೇಲಿಯ ಹತ್ತಿರ ನಿಂತಿದ್ದ ಇರ್ಮಾ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಳು.

ಬ್ರೇಡನ್ನಿನ ಹಾರ್ನುಗಳು ನಿಂತ ಮೇಲೆ ಇನ್ನೊಂದು ಹಾರ್ನು ಕೇಳಿಸಿತು. ಒಡಕು ದನಿ, ಕೆಮ್ಮಿನಿಂದ ಶುರುವಾಗಿ ಉದ್ದಕ್ಕೆ ಎಳೆಯುವಂಥದ್ದು. ಕೆಸರಿನಲ್ಲಿ ಬಿದ್ದಿದ್ದ ಗ್ಲೆನ್ ತಲೆ ಎತ್ತಿದ. ದಿನಾ ಹಂದಿಗೂಡಿನ ಹತ್ತಿರ ತನ್ನನ್ನು ಶಾಲೆಗೆ ಕರೆಯುವ ಹಾರ್ನು ಅದು. ಇಡೀ ಮೈದಾನ ಆ ಕಡೆ ತಿರುಗಿತು. ಲಿಯೋ ಕುಚೆರಾ ಎದುರಾಳಿಗಳ ಎರಡು ಅಂಕಕ್ಕೆ ಹಾರ್ನು ಬಾರಿಸುತ್ತಿದ್ದ, ನಿಲ್ಲಿಸದೆ ಬಾರಿಸುತ್ತಿದ್ದ.

"ತಲೆ ಕೆಟ್ಟಿತೇನ್ರೋ ಇವನಿಗೆ?" ಎಂದು ಬೆಂಚಿನಲ್ಲಿ ಯಾರೋ ಅಂದರು.

"ತಡಿ," ಎಂದ ಇನ್ನೊಬ್ಬ. "ತಡಿ ತಡಿ. ವೇಡ್ ಕೈನೇ ಎತ್ತಲಿಲ್ಲ ಕಣೋ. ನೋಡಿದ್ಯಾ? ಕೈನೇ ಎತ್ತಲಿಲ್ಲ!"

ಆ ಮಾತು ಬೆಂಚಿನಿಂದ ಬೆಂಚಿಗೆ ದಾಟಿತು. ಜನ ಫಲಕದ ಮೇಲಿನ ಅಂಕ ನೋಡಿದರು, ಬೆರಳು ಮಡಿಸಿದರು, ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಟಾಬರ್ ಕಡೆಯ ಇನ್ನೊಂದು ಪಿಕಪ್ ಅನುಮಾನದಲ್ಲೇ ಒಮ್ಮೆ ಕೂಗಿತು. ಆಮೇಲೆ ಮತ್ತೊಂದು.

ಅಂಪೈರ್ ಚೆಂಡಿಗಾಗಿ ಬೇಲಿಯ ಹತ್ತಿರ ಬಂದಾಗ ಲಿಯೋ ಕೆಳಗಿಳಿದು ಅದನ್ನು ಎತ್ತಿಕೊಂಡಿದ್ದ. ಕೋಟಿನ ಗುಂಡಿ ಬಿಚ್ಚಿ ಒಳಗಿನ ಅಂಗಿಗೆ ಚೆಂಡನ್ನು ಒತ್ತಿ ತಿರುಗಿಸಿ ಒರೆಸುತ್ತಿದ್ದ.

"ನಿಮ್ಮ ಹುಡುಗನಾ ಕಳಿಸಿದ್ದು?" ಎಂದ ಅಂಪೈರ್. ದೂರದ ಊರಿನವನು. "ಪಾಪ."

"ಪಾಪ ಏನಿಲ್ಲ. ಒಣಗೈತೆ, ತಗೊಳ್ಳಿ," ಎಂದು ಲಿಯೋ ಚೆಂಡನ್ನು ಬೇಲಿಯ ಮೇಲಿಂದ ಅವನ ಕೈಗಿಟ್ಟ.

ಆಟ ಇನ್ನೂ ಮುಗಿದಿರಲಿಲ್ಲ. ವೇಡ್ ಚೆಂಡನ್ನು ನೆಲದ ಮೇಲಿಟ್ಟು ಒದ್ದ. ಗಾಳಿ ಹಿಂದಿನಿಂದ ಇದ್ದುದರಿಂದ ಅದು ಬಹಳ ದೂರ ಹೋಯಿತು. ಬ್ರೇಡನ್ನಿನವರು ಅಲ್ಲಿಂದ ಹೊರಟು ಎರಡೇ ಸರದಿಯಲ್ಲಿ ಮತ್ತೆ ಹತ್ತಿರ ಬಂದರು. ಕೊನೆಯ ಸರದಿಯಲ್ಲಿ ಅವರ ಓಟಗಾರ ಎಲ್ಲರನ್ನೂ ತಪ್ಪಿಸಿಕೊಂಡು ಪಕ್ಕದ ಗೆರೆ ಹಿಡಿದು ಬಂದಾಗ ಟಾಬರಿನ ಹೆಂಗಸರು ಕಣ್ಣು ಮುಚ್ಚಿಕೊಂಡರು. ಹಿಂದಿನಿಂದ ಓಡಿಬಂದ ವೇಡ್ ಎಡಗೈಯಿಂದ ಅವನ ಅಂಗಿ ಹಿಡಿದು ಜೋತುಬಿದ್ದ. ಇಬ್ಬರೂ ವರ್ಲಿನ್ನನ ಕಾಲಿಗೆ ಬಡಿದು, ಕೋಲಿನ ಸಮೇತ ಅವನನ್ನೂ ಕೆಡವಿಕೊಂಡು ಬಿದ್ದರು. ಆಟ ಮುಗಿದ ಸೀಟಿ ಕೂಗಿತು. ಗೆರೆ ಇನ್ನೂ ಐದಾರು ಗಜ ಆಚೆಗಿತ್ತು.

ಹಾರ್ನುಗಳ ಗದ್ದಲದಲ್ಲಿ ಜನ ವೇಡ್‌ನನ್ನು ಹೆಗಲ ಮೇಲೆ ಹೊತ್ತರು. ಗ್ಲೆನ್‌ನ ಬೆನ್ನಿಗೂ ಕೆಲವರು ತಟ್ಟಿದರು. ಕೆಲವರು ತಟ್ಟುವ ಮುಂಚೆ ಕೇಳಿದರು, "ನಿಜಕ್ಕೂ ಬೇಕಂತ್ಲೇ ಮಾಡಿದ್ದೇನೋ? ಅಥವಾ ತಪ್ಪಿ ಹೋಗಿದ್ದಕ್ಕೆ ಕೋಚು ಹಾಗಂತಾರಾ?" ಗ್ಲೆನ್ ಯಾರಿಗೂ ವಿವರಿಸಲು ಹೋಗಲಿಲ್ಲ. ಬೇಲಿ ದಾಟಿ ಪಿಕಪ್‌ನ ಬಾಗಿಲು ತೆಗೆದು ಅಪ್ಪನ ಪಕ್ಕ ಕೂತ. ಮೈಯಿಂದ ಕೆಸರು ಸೀಟಿನ ಮೇಲೆ ಇಳಿಯಿತು. ಬಾನೆಟ್ಟಿನ ಮೇಲೆ ಅಂಗೈಯಗಲದ ತಗ್ಗು ಬಿದ್ದಿತ್ತು, ಅದರಲ್ಲಿ ನೀರು ನಿಂತಿತ್ತು.

"ಪಿಕಪ್ ಹಾಳಾಯ್ತು," ಎಂದ ಗ್ಲೆನ್.

"ಇರ್ಲಿ."

"ಬೇಕಂತ್ಲೇ ಅಂತ ನಿಂಗೆ ಮೊದಲೇ ಯಾರಾದ್ರೂ ಹೇಳಿದ್ರಾ?"

"ಇಲ್ಲಿ ಯಾರು ಬರ್ತಾರೆ ಹೇಳೋಕೆ?" ಲಿಯೋ ಒರೆಸುವ ಕಡ್ಡಿಗಳನ್ನು ನಿಲ್ಲಿಸಿದ. "ಸುತ್ತುತಾ ಇತ್ತು. ನಂದು ಅವತ್ತು ಕುಡಿದೋನ ಥರ ತೂರಾಡ್ಕೊಂಡು ಹೋಗಿತ್ತು. ಗಾಳಿ, ಚಳಿ, ಏನೇನೋ ಅಂದ್ಕೊಂಡೆ. ಗಾಳಿ ಅಲ್ಲ. ಹೆದರಿಕೆ. ಬ್ರೇಡನ್ನಿನೋನು ಎದುರಿಗೆ ಬುಸುಬುಸು ಅಂತಿದ್ದ, ಅಂಗೈ ತಿರುಗಿಸೋದೇ ಮರೆತೆ."

ಗ್ಲೆನ್ ಹೆಲ್ಮೆಟ್ಟಿನ ಕೆಸರು ಒರೆಸಿದ. "ನನಗೂ ಹೆದರಿಕೆ ಆಯ್ತಪ್ಪ."

"ಆಗದೆ ಏನು." ಲಿಯೋ ಇಂಜಿನ್ ಚಾಲೂ ಮಾಡಿದ. "ಆದ್ರೂ ತಿರುಗಿಸಿದ್ದೆಯಲ್ಲ."

"ಇನ್ನು ನನಗೂ ತಲೆ ಬಗ್ಗಿಸ್ತಾರೆ. ಅರ್ಧ ಜನಕ್ಕೆ ನಂಬಿಕೇನೇ ಇಲ್ಲ."

ಲಿಯೋ ಪಿಕಪ್ ತಿರುಗಿಸಿದ. ಮೈದಾನದ ಬಾಗಿಲಲ್ಲಿ ಇರ್ಮಾ ಕಾಯುತ್ತಿದ್ದಳು. ಅವಳು ಹತ್ತಿದ ಮೇಲೆ ಮೂವರೂ ಒತ್ತಿಕೊಂಡು ಕೂತು ಮನೆಗೆ ಹೋದರು.

ಸೋಮವಾರ ಬೆಳಿಗ್ಗೆ ಕಣಜದ ಕಚೇರಿಯಲ್ಲಿ ಎಂದಿನ ಜನವೇ ಇದ್ದರು. ವರ್ಲಿನ್ ಊದಿದ ಮೊಣಕಾಲನ್ನು ಕುರ್ಚಿಯ ಮೇಲೆ ಚಾಚಿಕೊಂಡು ಕೂತಿದ್ದ. ಲಿಯೋ ಒಳಗೆ ಬಂದಾಗ ಮಾತು ನಿಂತಿತು.

"ನಿನ್ನ ಮಗ ನನ್ನ ಗಂಟಲೇ ಹರಿಸಿಬಿಟ್ಟ ಮಾರಾಯ," ಎಂದ ವರ್ಲಿನ್ ಕೊನೆಗೆ. "ಅಪ್ಪನ ಮಗ ಅಂತ ಊರೆಲ್ಲ ಕೇಳೋ ಹಾಗೆ ಕೂಗಿಬಿಟ್ಟೆ."

"ಕೇಳಿಸ್ತು," ಎಂದ ಲಿಯೋ. ಲೋಟಕ್ಕೆ ಕಾಫಿ ಬಗ್ಗಿಸಿಕೊಂಡ. "ಸುಳ್ಳೇನಲ್ಲವಲ್ಲ."

"ಅದೂ ಸರಿ ಬಿಡು." ವರ್ಲಿನ್ ಮೊಣಕಾಲು ಉಜ್ಜಿಕೊಂಡ. "ಶೆಡ್ಡಿನ ಬೀಗದ ಕೈ ಶನಿವಾರ ತಿರುಗಿ ತಗೊಂಡು ಹೋದೆಯಲ್ಲ, ಐತಾ?"

ಲಿಯೋ ಜೇಬಿಗೆ ಕೈ ಹಾಕಿದ. ಬೀಗದ ಕೈ ಹೊರಗೆ ತೆಗೆದು ಒಂದು ಗಳಿಗೆ ಅಂಗೈಯಲ್ಲಿ ತೂಗಿ ನೋಡಿದ. ಯಾರೂ ಬಗ್ಗಲಿಲ್ಲ. ಅವನು ನಡೆದುಬಂದು ಕೊಡುತ್ತಾನೆಂದು ವರ್ಲಿನ್ ಕೈ ಚಾಚಿ ಕಾಯುತ್ತಿದ್ದ. ಲಿಯೋ ನಿಂತಲ್ಲಿಂದಲೇ ಬೀಸಿದ. ಬೀಗದ ಕೈ ಕೋಣೆಯ ಅಗಲ ದಾಟಿ, ವರ್ಲಿನ್ನನ ಬೋಳುತಲೆಯ ಮೇಲೆ ಒಂದು ಗೇಣು ಬಿಟ್ಟು ಹೋಗಿ, ಹಿಂದಿನ ಗೋಡೆಗೆ ಠಣ್ಣೆಂದು ಬಡಿದು ಬಿತ್ತನೆ ಬೀಜದ ಚೀಲಗಳ ಸಂದಿಯಲ್ಲಿ ಬಿತ್ತು.

ವರ್ಲಿನ್ ತಡವಾಗಿ ತಲೆ ಬಗ್ಗಿಸಿದ.

"ಇದು ಬೇಕಂತ್ಲೇ ಕಣಯ್ಯ," ಎಂದು ಲಿಯೋ ಲೋಟವನ್ನು ಬಾಯಿಗೆ ಇಟ್ಟ.